ಬರೀ ಲಿಂಕ್ ಕಳಿಸಬೇಡಿ

ಹೋದ ಮಳೆಗಾಲದಲ್ಲಿ ಅಮ್ಮ ಬೆಂಗಳೂರಿಗೆ ಬಂದು ನಮ್ಮ ಜೊತೆ ಮೂರು ತಿಂಗಳಿದ್ದರು. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಐವತ್ತು ವರ್ಷ ಬಾಳಿದವರಿಗೆ ಮೂರನೇ ಮಹಡಿಯ ಮನೆ ಹೇಗೆ ಹಿಡಿಸೀತು? ಬೆಳಗ್ಗೆ ಐದಕ್ಕೇ ಎದ್ದು ಬಾಲ್ಕನಿಯಲ್ಲಿ ಕೂರುತ್ತಿದ್ದರು. ಒಂದು ದಿನ ಕಾಫಿ ಕೊಡಲು ಹೋದಾಗ "ಇಲ್ಲಿ ಬೆಳಗಾಯ್ತು ಅಂತ ಹೇಳೋರೇ ಇಲ್ಲ ಕಣೇ" ಅಂದರು.

ಊರಲ್ಲಿ ಹಾಗೆ ಹೇಳುತ್ತಿದ್ದುದು ಒಂದು ಹಕ್ಕಿ. ಮನೆ ಹಿಂದಿನ ಹಳ್ಳದ ಹತ್ತಿರ, ಇನ್ನೂ ಕತ್ತಲಿರುವಾಗಲೇ ಸಿಳ್ಳೆ ಶುರುಮಾಡುತ್ತದೆ. ಯಾರೋ ಶಾಲೆ ಹುಡುಗ ಅರ್ಧ ಮರೆತ ಹಾಡನ್ನು ಸಿಳ್ಳೆ ಹಾಕಿಕೊಂಡು ಹೋಗುತ್ತಿದ್ದಾನೆ ಅನ್ನಿಸುತ್ತದೆ. ಮಳೆಗಾಲದಲ್ಲಂತೂ ಜಾಸ್ತಿ. ಸರಳೆ ಸಿಳ್ಳಾರ ಅಂತ ಅದರ ಹೆಸರು. ಇಂಗ್ಲಿಷಿನಲ್ಲಿ ಮಲಬಾರ್ ವಿಸ್ಲಿಂಗ್ ಥ್ರಷ್. ದೂರದಿಂದ ಕಪ್ಪಗೆ ಕಾಣುತ್ತದೆ. ಬೆಳಕು ಬಿದ್ದಾಗ ಹಣೆ, ಭುಜ ನೀಲಿಯಾಗಿ ಹೊಳೆಯುತ್ತವೆ.

ಝೆನೋ ಕ್ಯಾಂಟೊ ಅಂತ ಹಕ್ಕಿಗಳ ಕೂಗು ಕೂಡಿಸಿಡುವ ಒಂದು ವೆಬ್‌ಸೈಟ್ ಇದೆ. ಹುಡುಕುವವರು ಇಂಗ್ಲಿಷಿನಲ್ಲಿ ಎಕ್ಸ್ ಅಕ್ಷರದಿಂದ ಶುರುಮಾಡಿ. 2005ರಲ್ಲಿ ಹಕ್ಕಿ ಹುಚ್ಚಿನ ಇಬ್ಬರು ನೆದರ್ಲೆಂಡ್ಸ್‌ನಲ್ಲಿ ಶುರುಮಾಡಿದ್ದು. ಮೊದಲು ದಕ್ಷಿಣ ಅಮೆರಿಕ, ಮಧ್ಯ ಅಮೆರಿಕದ ಹಕ್ಕಿಗಳ ಕೂಗು ಮಾತ್ರ ಇತ್ತು. ಈಗ ಇಡೀ ಭೂಮಿಯ ಹಕ್ಕಿಗಳಿವೆ. ಎಲ್ಲೆಲ್ಲಿಂದಲೋ ಜನ ಕಾಡಿಗೆ ಹೋಗಿ ರೆಕಾರ್ಡ್ ಮಾಡಿ ಹಾಕುತ್ತಾರೆ. ಪ್ರತಿ ರೆಕಾರ್ಡಿಂಗಿಗೂ ಒಂದು ನಂಬರು. ಎಲ್ಲಿ, ಯಾವತ್ತು, ಎಷ್ಟು ಗಂಟೆಗೆ, ಅದು ಹಾಡೋ ಬರೀ ಕರೆಯೋ, ಎಲ್ಲ ಬರೆದಿರುತ್ತಾರೆ. ಹಿಂದೆ ಬೇರೆ ಹಕ್ಕಿ ಕೂಗಿದ್ದರೆ ಅದರ ಹೆಸರನ್ನೂ ಹಾಕುತ್ತಾರೆ. ಯಾವ ಹಕ್ಕಿ ಅಂತ ಗೊತ್ತಾಗದಿದ್ದರೆ, ಗೊತ್ತಿರುವವರು ಹೇಳಿ ಅಂತ ಹಾಗೇ ಇಡುತ್ತಾರೆ. ದುಡ್ಡಿಗಾಗಿ ಅಲ್ಲದೆ ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅದರಲ್ಲಿ ಪಶ್ಚಿಮ ಘಟ್ಟದ ಒಂದು ರೆಕಾರ್ಡಿಂಗ್ ಹುಡುಕಿ, ಫೋನನ್ನು ಅಮ್ಮನ ಪಕ್ಕದಲ್ಲಿಟ್ಟೆ. ಅವರು ಲೋಟ ಕೆಳಗಿಟ್ಟರು. ಪೂರ್ತಿ ಕೇಳಿ, "ಇದು ನಮ್ಮನೇದಲ್ಲ. ಆದ್ರೆ ಇದೇ ಜಾತಿ" ಅಂದರು. ಇನ್ನೊಮ್ಮೆ ಹಾಕು ಅಂದರು. ಎರಡನೇ ಸಲ ಕೇಳುವಾಗ, "ಹಿಂದೆ ನೀರು ಹರಿಯೋ ಸದ್ದಿದೆ ನೋಡು" ಅಂದರು. ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇದೇ ವೆಬ್‌ಸೈಟಿನ ಲಿಂಕನ್ನು ಎರಡು ವರ್ಷದ ಹಿಂದೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಬರೀ ಲಿಂಕ್. ಗುಂಪಿನಲ್ಲಿ ಅಮ್ಮನೂ ಇದ್ದಾರೆ. ಯಾರೂ ಒತ್ತಿ ನೋಡಲಿಲ್ಲ. ಅವರ ತಪ್ಪಲ್ಲ ಅದು. ದಿನಕ್ಕೆ ನಲವತ್ತು ಬರುವ ಕಡೆ ನಲವತ್ತೊಂದನೆಯದನ್ನು ಯಾರು ನೋಡುತ್ತಾರೆ? "ಅಮ್ಮಾ, ಇದರಲ್ಲಿ ನಮ್ಮ ಹಳ್ಳದ ಹಕ್ಕಿ ಇದೆ, ಇಲ್ಲಿ ಒತ್ತಿ ಕೇಳು" ಅಂತ ಅವತ್ತೇ ಒಂದು ಸಾಲು ಬರೆದಿದ್ದರೆ ಆ ಎರಡು ವರ್ಷ ಕೈ ತಪ್ಪುತ್ತಿರಲಿಲ್ಲ.

ಅವತ್ತಿನಿಂದ ಏನೇ ಒಳ್ಳೆಯದು ಸಿಕ್ಕಿದರೂ ಮೊದಲು ಯೋಚಿಸುವುದು ಇದು ಯಾರಿಗೆ ಅಂತ. ಎಲ್ಲರಿಗೂ ಅಂತ ಕಳಿಸಿದ್ದು ಯಾರಿಗೂ ಮುಟ್ಟುವುದಿಲ್ಲ.

ನನ್ನ ತಮ್ಮ ಮಸ್ಕತ್‌ನಲ್ಲಿದ್ದಾನೆ. ಅರ್ಥ್ ನಲ್‌ಸ್ಕೂಲ್ ಅಂತ ಗಾಳಿ ತೋರಿಸುವ ಒಂದು ಭೂಪಟ ಇದೆ. ಕ್ಯಾಮರೂನ್ ಬೆಕಾರಿಯೋ ಅನ್ನುವವರು 2013ರಲ್ಲಿ ಮಾಡಿದ್ದು. ಹವಾಮಾನದ ಲೆಕ್ಕಾಚಾರ ತೆಗೆದುಕೊಂಡು, ಇಡೀ ಭೂಮಿಯ ಮೇಲೆ ಗಾಳಿ ಹರಿಯುವುದನ್ನು ಎಳೆ ಎಳೆಯಾಗಿ ತೋರಿಸುತ್ತದೆ. ತಮ್ಮನಿಗೆ ಹೀಗೆ ಬರೆದೆ: "ಈಗ ಜುಲೈ. ಸೊಮಾಲಿಯಾ ತೀರದ ಹತ್ತಿರ ಬೆರಳಿಡು. ಅಲ್ಲಿಂದ ಗಾಳಿ ಹೇಗೆ ತಿರುಗಿ, ಅರಬ್ಬಿ ಸಮುದ್ರ ದಾಟಿ, ನಮ್ಮ ಘಟ್ಟಕ್ಕೆ ಬಂದು ಹೊಡೀತಿದೆ ನೋಡು. ಆಗುಂಬೆ ಮಳೆ ಹೊರಡೋದು ಅಲ್ಲಿಂದ." ಹತ್ತು ನಿಮಿಷಕ್ಕೆ ಫೋನ್ ಬಂತು. "ಅಕ್ಕಾ, ಒಮಾನಿನ ತೆಂಕಣ ತುದೀಲಿ ಸಲಾಲಾ ಇದೆಯಲ್ಲ, ಅಲ್ಲಿನ ಗುಡ್ಡ ಈ ಕಾಲದಲ್ಲಿ ಮಾತ್ರ ಹಸಿರಾಗೋದು ಇದೇ ಗಾಳಿಯಿಂದಾನಾ?" ಹೌದು, ಇದೇ ಗಾಳಿ. ಊರಿನ ಮಳೆಗೂ ಅವನಿರುವ ದೇಶದ ಹಸಿರಿಗೂ ನಂಟಿದೆ ಅಂತ ನಾವಿಬ್ಬರೂ ಭೂಪಟ ತೆರೆದಿಟ್ಟುಕೊಂಡು ಮುಕ್ಕಾಲು ಗಂಟೆ ಮಾತಾಡಿದೆವು.

ಇಂಟರ್‌ನೆಟ್‌ನಲ್ಲಿ ಈಗ ಏನೂ ಉಳಿದಿಲ್ಲ, ಬರೀ ರೀಲ್ಸ್ ಅಂತ ಹೇಳುವವರು ಜಾಸ್ತಿಯಾಗಿದ್ದಾರೆ. ನಾನು ಒಪ್ಪುವುದಿಲ್ಲ. ಫೋನ್ ತಾನಾಗಿ ತೋರಿಸುವುದು ನಾವು ನಿನ್ನೆ ನೋಡಿದ್ದರ ಹಾಗೇ ಇರುವುದನ್ನು. ಹುಡುಕಿ ಹೋಗಬೇಕಾದ್ದು ಬೇರೆಯೇ ಇದೆ, ಅಲ್ವಾ? ಕನ್ನಡದಲ್ಲೇ ನೋಡಿ. ವಚನ ಸಂಚಯ ಅನ್ನುವ ವೆಬ್‌ಸೈಟಿನಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ಉಪ್ಪು, ಹಗ್ಗ, ಒಲೆ, ಯಾವ ಪದ ಬೇಕಾದರೂ ಹಾಕಿ ಹುಡುಕಬಹುದು. 'ಅಲರ್' ಅನ್ನುವುದು ಕನ್ನಡ–ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಅವರು ಎಷ್ಟೋ ವರ್ಷ ಕೂತು ಕೂಡಿಸಿದ 1.5 ಲಕ್ಷಕ್ಕೂ ಹೆಚ್ಚು ಪದಗಳು ಅಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತವೆ.

ಇನ್ನು ಇಂಟರ್‌ನೆಟ್ ಆರ್ಕೈವ್, ಸ್ಕ್ಯಾನ್ ಮಾಡಿದ ಹಳೇ ಪುಸ್ತಕಗಳೆಲ್ಲ ಸಿಗುವ ವೆಬ್‌ಸೈಟ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು, 1700ಕ್ಕೂ ಹೆಚ್ಚು ಪುಟ, ಪೂರ್ತಿ ಅಲ್ಲಿದೆ. ನನಗೆ ಕನ್ನಡ ಕಲಿಸಿದ ಮೇಷ್ಟ್ರಿಗೆ ಅದನ್ನು ಕಳಿಸುವಾಗ "ಸಾರ್, ಪದಗಳ ಕೆಳಗೆ ಗಾದೆಗಳನ್ನೂ ಕೊಟ್ಟಿದ್ದಾರೆ, ಅವನ್ನು ಓದಿ" ಅಂತ ಬರೆದೆ. ಈಗ ವಾರಕ್ಕೊಂದು ಗಾದೆ ಅವರಿಂದ ನನಗೆ ಬರುತ್ತದೆ. ಅಲ್ಲಿ ಹಳೇ ಕನ್ನಡ ಪುಸ್ತಕ ಹುಡುಕುವವರಿಗೆ ಒಂದು ಮಾತು. ಸ್ಕ್ಯಾನ್ ಮಾಡಿದವರು ಎಷ್ಟೋ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ತೋಚಿದ ಹಾಗೆ ಬರೆದಿದ್ದಾರೆ. ಒಂದು ಸ್ಪೆಲಿಂಗಿಗೆ ಸಿಗದಿದ್ದರೆ ಇಲ್ಲ ಅಂದುಕೊಳ್ಳಬೇಡಿ. 'ಟಿ' ಹಾಕಿ ನೋಡಿ, 'ಟಿ ಎಚ್' ಹಾಕಿ ನೋಡಿ, ಕೊನೆಯ 'ಎ' ತೆಗೆದು ನೋಡಿ.

ಹಂಚಿಕೊಳ್ಳುವುದು ಯಾಕೆ ಮುಖ್ಯ ಅನ್ನುವುದಕ್ಕೆ ನನಗೆ ಇನ್ನೊಂದು ಕಾರಣವಿದೆ. ಹಿಂದೆ ಕನ್ನಡಿಗರೊಬ್ಬರು ಅಮೆರಿಕದಲ್ಲಿ ಕೂತು ತಮ್ಮ ಅಜ್ಜಿ ಹೇಳುತ್ತಿದ್ದ ಸೋಬಾನೆ ಹಾಡುಗಳನ್ನು ಟೈಪ್ ಮಾಡಿ ಒಂದು ಪುಟ ಮಾಡಿದ್ದರು. ನಾನು ಗುರುತು ಹಾಕಿಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ತಂಗಿ ಮದುವೆಗೆ ಬೇಕಾಗಿ ತೆರೆದರೆ ಪುಟವೇ ಇಲ್ಲ. ವೇಬ್ಯಾಕ್ ಮಷೀನ್ 1996ರಿಂದ ವೆಬ್ ಪುಟಗಳನ್ನು ಎತ್ತಿಡುತ್ತಾ ಬಂದಿದೆ. ಅಲ್ಲಿ ಹಳೆಯ ವಿಳಾಸ ಹಾಕಿದೆ. ಪುಟ ಸಿಕ್ಕಿತು, ಆದರೆ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವಂತೆ ಮಾಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ, 'ಬರಹ' ಅನ್ನುವ ತಂತ್ರಾಂಶದಂಥವುಗಳ ಫಾಂಟ್‌ಗಳಲ್ಲಿ ಮಾಡಿದ ಪುಟಗಳ ಪಾಡು ಇದು. ಆ ಫಾಂಟ್ ಇಲ್ಲದ ಕಡೆ ಕನ್ನಡ ಕನ್ನಡವಾಗಿ ಕಾಣುವುದೇ ಇಲ್ಲ. ಆಫೀಸಿನ ಗೆಳೆಯರೊಬ್ಬರು ಅದನ್ನು ಯೂನಿಕೋಡಿಗೆ ತಿರುಗಿಸಿಕೊಟ್ಟರು. ಹನ್ನೊಂದು ಹಾಡುಗಳಲ್ಲಿ ಏಳು ಪೂರ್ತಿ ಸಿಕ್ಕವು. ಉಳಿದ ನಾಲ್ಕನ್ನು ಯಾರೂ ಎತ್ತಿಟ್ಟಿರಲಿಲ್ಲ.

ಈಗ ಇಷ್ಟವಾದ ಪುಟ ಸಿಕ್ಕರೆ ಮೊದಲು ವೇಬ್ಯಾಕ್ ಮಷೀನಿಗೆ ಕೊಟ್ಟು ಉಳಿಸುತ್ತೇನೆ. ಅರ್ಧ ನಿಮಿಷದ ಕೆಲಸ. ಆಮೇಲೆ ಕನಿಷ್ಠ ಒಬ್ಬರಿಗೆ, ಅವರ ಹೆಸರು ಹಿಡಿದು, ಎರಡು ಸಾಲು ಬರೆದು ಕಳಿಸುತ್ತೇನೆ.

ಅಮ್ಮ ಊರಿಗೆ ವಾಪಸ್ ಹೋಗಿದ್ದಾರೆ. ಮೊನ್ನೆ ಫೋನ್ ಮಾಡಿ, ಮೊದಲೆಲ್ಲ ನಮ್ಮ ತೋಟದ ಆಲದ ಹಣ್ಣಿಗೆ ಬರುತ್ತಿದ್ದ ಮಂಗಟ್ಟೆ ಹಕ್ಕಿ ಈಗ ಬರುವುದೇ ಇಲ್ಲ, ಅದರ ಕೂಗೂ ಆ ಫೋನಿನಲ್ಲಿ ಇದೆಯಾ ಅಂತ ಕೇಳಿದರು. ಇದೆ. ಇವತ್ತು ರಾತ್ರಿ ಒಳ್ಳೆಯದೊಂದು ಆರಿಸಿ ಕಳಿಸಬೇಕು.