ಟೇಪಿಗೆ ಬಿಸಿಲು, ಸಮಿತಿಗೆ ನೆರಳು

ಹಳೆಯ ಟಿವಿ ಟೇಪುಗಳನ್ನು ಡಿಜಿಟಲ್ ಮಾಡಿಸುವ ಟೆಂಡರಿನ ಏಳನೆಯ ಷರತ್ತು: ‘ಎಲ್ಲ ಟೇಪುಗಳನ್ನೂ ಕಡ್ಡಾಯವಾಗಿ 4ಕೆ ಗುಣಮಟ್ಟಕ್ಕೆ ಏರಿಸತಕ್ಕದ್ದು.’ ಎಂಟನೆಯದು: ‘2,000 ಟೇಪುಗಳ ಕೆಲಸವನ್ನು 30 ದಿನಗಳೊಳಗೆ ಮುಗಿಸತಕ್ಕದ್ದು.’ ಒಂಬತ್ತನೆಯದು: ‘ಕೆಲಸ ಮುಗಿದ ಬಳಿಕ ನಿರುಪಯುಕ್ತವಾದ ಟೇಪುಗಳನ್ನು ನಿಯಮಾನುಸಾರ ವಿಲೇವಾರಿ ಮಾಡತಕ್ಕದ್ದು.’

ಇಲಾಖೆಯ ಹೆಸರು ಬೇಡ. ಇದು ಕಲ್ಪನೆಯ ಕಾಗದ. ಬೀದರಿನಲ್ಲೂ ಹುಟ್ಟಬಹುದು, ಯಾದಗಿರಿಯಲ್ಲೂ ಹುಟ್ಟಬಹುದು, ವಿಧಾನಸೌಧದ ಯಾವ ಮಹಡಿಯಲ್ಲಾದರೂ ಹುಟ್ಟಬಹುದು. ಕಲಬುರಗಿಯಲ್ಲೇ ಹುಟ್ಟಿಸಿದ್ದಕ್ಕೆ ಕಾರಣವಿದೆ: ಟಿವಿ ವಿಷಯದಲ್ಲಿ ಜಂಭ ಕೊಚ್ಚಿಕೊಳ್ಳುವ ಹಕ್ಕು ಈ ಊರಿಗಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಇಳಿಯಿತಲ್ಲ, ಆಗ ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳು. ಕೋಳಿಬಲೆಯಂಥ ತಂತಿಜಾಲರಿ ಬಿಗಿದ ಹತ್ತಡಿ ಆ್ಯಂಟೆನಾ, ಅದರ ಕೆಳಗೆ ಒಂದು ಟಿವಿ, ಅದರ ಮುಂದೆ ಇಡೀ ಊರು. ಉಪಗ್ರಹ ಕಳಿಸುತ್ತಿದ್ದದ್ದು ಒಂದು ಚಿತ್ರ, ಎರಡು ಧ್ವನಿ. 1977ರಲ್ಲಿ ಇಲ್ಲಿಯೇ ಟಿವಿ ಪ್ರಸಾರ ಕೇಂದ್ರವೂ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ರಾಜಧಾನಿಗಿಂತ ಮೊದಲು ನಮಗೆ ಸಿಕ್ಕ ಸವಲತ್ತುಗಳನ್ನು ಎಣಿಸಲು ಒಂದು ಕೈಯ ಬೆರಳೂ ಹೆಚ್ಚಾಗುತ್ತವೆ, ಅದರಲ್ಲಿ ಇದೊಂದು.

ಇಷ್ಟು ದೊಡ್ಡ ಇತಿಹಾಸಕ್ಕೆ ಸಂಭ್ರಮಾಚರಣೆ ಬೇಡವೇ? ಬೇಕು. ಸಂಭ್ರಮಾಚರಣೆಗೆ ಹಳೆಯ ದೃಶ್ಯ ಬೇಡವೇ? ಅಲ್ಲಿಗೆ ಟೇಪುಗಳು ನೆನಪಾದವು.

ಮೊದಲು ಏಳನೆಯ ಷರತ್ತು. ಆ ಕಾಲದ ನಮ್ಮ 625 ಗೆರೆಯ ಟಿವಿ ಪದ್ಧತಿಯ ಟೇಪನ್ನು ಡಿಜಿಟಲ್ ಮಾಡಿದರೆ ಸಿಗುವ ಚೌಕಟ್ಟು 720ಕ್ಕೆ 576. ಗುಣಿಸಿದರೆ ನಾಲ್ಕು ಲಕ್ಷ ಚಿಲ್ಲರೆ ಪಿಕ್ಸೆಲ್. 4ಕೆ ಅಂದರೆ 3840ಕ್ಕೆ 2160, ಸರಿಯಾಗಿ ಅದರ 20 ಪಟ್ಟು. ಅಂದಮೇಲೆ 4ಕೆ ಚಿತ್ರದ ಪ್ರತಿ 20 ಪಿಕ್ಸೆಲ್‌ಗಳಲ್ಲಿ 1 ಟೇಪಿನದು, ಉಳಿದ 19 ಗುತ್ತಿಗೆದಾರನವು. ಈ 19ನ್ನು ತುಂಬಿಸುವುದು ಎಐ. ಅದಕ್ಕೆ ಚಿತ್ತಾಪುರದ ರೈತನ ಮುಖ ಗೊತ್ತಿಲ್ಲ; ತಾನು ಕಲಿತ ಸಾವಿರಾರು ಮುಖಗಳ ಸರಾಸರಿ ತೆಗೆದು ಅಂಟಿಸುತ್ತದೆ. ಮೀಸೆಯ ಕೂದಲು ಒಂದೊಂದೂ ಎದ್ದು ಕಾಣುತ್ತವೆ, ಮೀಸೆ ಮಾತ್ರ ಅವನದಲ್ಲ. ಹಿಂದಿನ ಗೋಡೆಯ ಮೇಲಿನ ಕನ್ನಡ ಅಕ್ಷರಗಳು ಯಾವ ಭಾಷೆಗೂ ಸೇರದ ಸೊಟ್ಟ ಗೆರೆಗಳಾಗುತ್ತವೆ. ಮೇಲಾಗಿ ಹಳೆಯ ಟಿವಿ ಚಿತ್ರ ಸೆಕೆಂಡಿಗೆ 50 ಅರೆಚಿತ್ರಗಳಾಗಿ, ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ ಎಂದು ಹೆಣೆದುಕೊಂಡಿರುತ್ತದೆ. ಆ ಹೆಣಿಗೆಯನ್ನು ಸರಿಯಾಗಿ ಬಿಡಿಸದೆ ಹಿಗ್ಗಿಸಿದರೆ ಓಡುವ ಎತ್ತಿನ ಕಾಲಿಗೆ ಬಾಚಣಿಗೆಯ ಹಲ್ಲು ಮೂಡುತ್ತವೆ. ಎಐ ಆ ಹಲ್ಲನ್ನೂ ‘ವಿವರ’ ಎಂದೇ ನಂಬಿ ಇನ್ನಷ್ಟು ಚೂಪು ಮಾಡುತ್ತದೆ. ಇದರ ಮೇಲೆ 4:3 ಚಿತ್ರವನ್ನು 16:9 ಪರದೆ ತುಂಬುವಂತೆ ಎಳೆದರೆ ಊರಿನವರೆಲ್ಲ ಮೂರನೇ ಒಂದು ಭಾಗ ದಪ್ಪಗಾಗುತ್ತಾರೆ. ‘ಆವಾಗಿನ ಮಂದಿ ಗಟ್ಟಿಮುಟ್ಟ ಇದ್ರು ನೋಡ್ರಿ’ ಎಂದು ವೇದಿಕೆಯ ಮೇಲೆ ಭಾಷಣ ಮಾಡುವುದಕ್ಕೂ ಒಂದು ಆಧಾರ ಸಿಕ್ಕಂತಾಯಿತು.

ಎಂಟನೆಯ ಷರತ್ತಿಗೆ ಅಂಗನವಾಡಿಯ ಲೆಕ್ಕ ಸಾಕು. ಟೇಪು ಓಡುವುದು ಅದರದೇ ವೇಗದಲ್ಲಿ. ಅರ್ಧ ಗಂಟೆಯ ಟೇಪಿಗೆ ಅರ್ಧ ಗಂಟೆ ಬೇಕೇ ಬೇಕು, ಯಾವ ಸಚಿವರ ಶಿಫಾರಸಿಗೂ ಅದು ಬಗ್ಗುವುದಿಲ್ಲ. 2,000 ಟೇಪು ಅಂದರೆ 1,000 ಗಂಟೆ. ದಿನಕ್ಕೆ 8 ಗಂಟೆಯಂತೆ ಟೇಪು ಓಡಿಸುವ ಒಂದೇ ಯಂತ್ರದಲ್ಲಿ, ಅಂದರೆ ಡೆಕ್ಕಿನಲ್ಲಿ, 125 ದಿನ, ಅದೂ ಡೆಕ್ ಒಂದು ಸಲವೂ ಕೈಕೊಡದಿದ್ದರೆ, ಕರೆಂಟ್ ಹೋಗದಿದ್ದರೆ. ಸುತ್ತಿ ಸಡಿಲಿಸುವುದು, ಟೇಪಿನಿಂದ ಚಿತ್ರ ಓದುವ ಹೆಡ್ ಒರೆಸುವುದು, ಬಂದ ಫೈಲನ್ನು ಕೂತು ನೋಡುವುದು ಸೇರಿಸಿದರೆ ಒಂದು ಗಂಟೆಯ ಟೇಪು ಮೂರು ಗಂಟೆ ತಿನ್ನುತ್ತದೆ. 30 ದಿನಗಳಲ್ಲಿ ಮುಗಿಸಲು ದಾರಿ ಒಂದೇ: ನೋಡದೇ ಇರುವುದು. ಗುತ್ತಿಗೆದಾರ ಆ ದಾರಿ ಹಿಡಿದ. ಕೊಟ್ಟ ಬಿಲ್ಲಿನಲ್ಲಿ 2,000 ಫೈಲುಗಳಿದ್ದವು. ಅವುಗಳಲ್ಲಿ ಎಷ್ಟು ಬರೀ ನೀಲಿ ಪರದೆ ಎಂಬ ಕಾಲಂ ನಮೂನೆಯಲ್ಲಿ ಇರಲೇ ಇಲ್ಲ.

ಡೆಕ್ಕಿನದು ಬೇರೆಯೇ ಪುರಾಣ. ‘ಹೊಸ ಯು-ಮ್ಯಾಟಿಕ್ ಡೆಕ್, ಮೂರು ವರ್ಷ ವಾರಂಟಿ’ ಎಂದು ಟೆಂಡರ್ ಕೇಳಿತ್ತು. ಯು-ಮ್ಯಾಟಿಕ್ ಎಂಬ ವಿಡಿಯೋ ಕ್ಯಾಸೆಟ್ ಪದ್ಧತಿ ಮಾರುಕಟ್ಟೆಗೆ ಬಂದದ್ದು 1971ರಲ್ಲಿ. ಅದು ಹೋಗಲಿ, ಅದಕ್ಕಿಂತ ಎಷ್ಟೋ ಈಚಿನ ಬೀಟಾಕ್ಯಾಮ್‌ನ ಖಾಲಿ ಕ್ಯಾಸೆಟ್ ಮಾಡುವುದನ್ನೇ ಸೋನಿ 2016ರಲ್ಲಿ ನಿಲ್ಲಿಸಿತು. ಈಗ ಓಡುವ ಯು-ಮ್ಯಾಟಿಕ್ ಡೆಕ್ ಬೇಕೆಂದರೆ ಕೆಟ್ಟ ಎರಡನ್ನು ಬಿಚ್ಚಿ ಒಂದನ್ನು ಕಟ್ಟಬೇಕು: ಕರಗಿ ಟಾರಿನಂತಾದ ರಬ್ಬರ್ ಬೆಲ್ಟನ್ನು ಕೆರೆದು ತೆಗೆದು ಬದಲಿಸಬೇಕು, ಟೇಪನ್ನು ಒತ್ತಿ ಎಳೆಯುವ, ಈಗ ಗಟ್ಟಿಯಾದ ಪಿಂಚ್ ರೋಲರ್‌ಗೆ ಹೊಸ ರಬ್ಬರ್ ಹಾಕಿಸಬೇಕು, ಹೆಡ್ ಎಷ್ಟು ಗಂಟೆ ಸವೆದಿದೆ ಎಂದು ಮೀಟರಿನಲ್ಲಿ ನೋಡಬೇಕು. ಡೆಕ್ಕಿನಿಂದ ಹೊರಟ ಚಿತ್ರ ನಡುಗದಂತೆ ಹಿಡಿಯಲು ಟೈಮ್ ಬೇಸ್ ಕರೆಕ್ಟರ್ ಬೇಕು. ಟೆಂಡರಿನಲ್ಲಿ ಅದರ ಸುಳಿವೇ ಇರಲಿಲ್ಲ, ಪ್ರೊಜೆಕ್ಟರ್ ಪರದೆಯ ಮಖಮಲ್ಲಿನ ಬಣ್ಣ ಮಾತ್ರ ಇತ್ತು.

ಹೆಡ್ ಒರೆಸುವ ವಿಧಾನವನ್ನು ಇಲ್ಲಿ ಒಂದಿಷ್ಟು ನಿಂತು ನೋಡಬೇಕು. ನೂಲು ಬಿಡದ ಮೆತ್ತನೆ ತೊಗಲಿನ ಕಡ್ಡಿಗೆ 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಕಡ್ಡಿಯನ್ನು ಹೆಡ್ ಕೂತಿರುವ ತಿರುಗುವ ಡ್ರಮ್ಮಿಗೆ ಹಗುರಾಗಿ ಆನಿಸಿ ಅಲ್ಲಾಡಿಸದೆ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಬೇಕು. ಕಡ್ಡಿಯನ್ನು ಮೇಲೆ ಕೆಳಗೆ ಉಜ್ಜಿದರೆ ಕೂದಲೆಳೆಯಷ್ಟಿರುವ ಹೆಡ್ಡಿನ ತುದಿ ಟಪ್ಪೆಂದು ಹೋಯಿತು. ಕಿವಿಯಲ್ಲಿಟ್ಟುಕೊಳ್ಳುವ ಹತ್ತಿಕಡ್ಡಿ ಬಳಸಿದರೆ ನೂಲು ಸಿಕ್ಕಿಕೊಂಡೂ ಹೋಗುತ್ತದೆ. ಕಲಬುರಗಿಯ ಯೋಜನೆಯಲ್ಲಿ ಇದಕ್ಕೆ ಬಳಕೆಯಾದದ್ದು ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್. ‘ಅದೂ ಆಲ್ಕೋಹಾಲೇ ಅದರೀ, ಸ್ಟಾಕೂ ಖಾಲಿ ಆಗ್ತದ’ ಎಂದರು ಉಗ್ರಾಣದವರು. ಅದರಲ್ಲಿ ನೀರೂ ಇದೆ, ಕೈ ಒರಟಾಗದಿರಲೆಂದು ಗ್ಲಿಸರಿನ್ನೂ ಇದೆ. ಹೆಡ್ಡಿನ ಕೈ ಮೆತ್ತಗಾಯಿತು. ಮುಂದಿನ ಟೇಪು ಅದಕ್ಕೇ ಅಂಟಿಕೊಂಡಿತು.

ಅಂಟುವುದಕ್ಕೆ ಗ್ಲಿಸರಿನ್ನೊಂದೇ ಕಾರಣವಲ್ಲ. 70-80ರ ದಶಕದ ಕೆಲವು ಬ್ರ್ಯಾಂಡಿನ ಟೇಪುಗಳಲ್ಲಿ ಕಾಂತದ ಪುಡಿಯನ್ನು ಪ್ಲಾಸ್ಟಿಕ್ಕಿಗೆ ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಕೊಳೆಯುತ್ತದೆ. ಅಂಥ ಟೇಪನ್ನು ಹಾಕಿದರೆ ಡೆಕ್ ಕಿರ್ ಎನ್ನುತ್ತದೆ, ಕಂದು ಪುಡಿ ಉದುರುತ್ತದೆ, ಚಿತ್ರ ಮಾಯವಾಗುತ್ತದೆ. ಇದಕ್ಕಿರುವ ಮದ್ದು ಬೇಯಿಸುವುದು. ಪ್ರಯೋಗಾಲಯದ ಇನ್‌ಕ್ಯುಬೇಟರಿನಲ್ಲಿ, ಒಣ ಗಾಳಿಯಲ್ಲಿ, ಸುಮಾರು 54 ಡಿಗ್ರಿಯಲ್ಲಿ, ಕಡಿಮೆ ಎಂದರೆ 8 ಗಂಟೆ ಇಟ್ಟು, ನಿಧಾನವಾಗಿ ಆರಲು ಬಿಡಬೇಕು. ಆಮೇಲೆ ಕೆಲವು ವಾರ ಟೇಪು ಮಾತು ಕೇಳುತ್ತದೆ. ಅಷ್ಟರೊಳಗೆ ಪ್ರತಿ ಮಾಡಿಕೊಳ್ಳಬೇಕು. ಅಂಟದ ಟೇಪನ್ನು ಬೇಯಿಸಬಾರದು. ಉಷ್ಣಾಂಶ ಮೇಲೆ ಕೆಳಗೆ ಜಿಗಿಯಬಾರದು.

ಇನ್‌ಕ್ಯುಬೇಟರಿನ ಕಡತಕ್ಕೆ ಸಮಿತಿಯಲ್ಲಿ ನಕ್ಕವರೇ ಹೆಚ್ಚು.

‘ಸಾಹೇಬ್ರ, ಇದಕ್ಕ ಮಷೀನ್ ಯಾಕ್ರಿ? ನಮ್ಮ ಕಲಬುರಗಿ ಬಿಸಲು ಎದಕ್ಕದ? ಸಂಡಗಿ ಹರವಿದಂಗ ಮಾಳಗಿ ಮ್ಯಾಲ ಹರವಿದ್ರ ಸಂಜಿಗಿ ಖಡಕ್ ಆಗ್ತಾವ.’

‘ಖರೆ ಅದ. 54 ಬೇಕಂತಾರ, ನಮ್ಮಲ್ಲಿ ನೆರಳಾಗೇ 43 ಅದ. ಬಿಸಲಾಗ ಇಟ್ರ ಆಗೇ ಆಗ್ತದ.’

‘ಸರ್ಕಾರಕ್ಕ ಎಷ್ಟು ಉಳೀತದ ಬರ್ಕೋರಿ.’

ಬರೆದುಕೊಂಡರು. ಮೇ ತಿಂಗಳ ಮಾಳಿಗೆಯ ತಗಡಿನ ಮೇಲೆ 400 ಟೇಪು ಸಾಲಾಗಿ ಮಲಗಿದವು. ಮಧ್ಯಾಹ್ನ ಕ್ಯಾಸೆಟ್ಟಿನ ಕಪ್ಪು ಕವಚ ಬಾಗಿತು. ಸಂಜೆ ತಂಪಾದಾಗ ಒಳಗಿನ ಸುರುಳಿ ಹಿಗ್ಗಿ ಕುಗ್ಗಿ ಅಂಚು ಮಡಚಿತು. ಟೇಪಿನ ಅಂಚಿನಲ್ಲೇ ಚಿತ್ರದ ಓಟವನ್ನು ಹಿಡಿದಿಡುವ ಕಂಟ್ರೋಲ್ ಟ್ರ್ಯಾಕ್ ಇರುವುದು. ಅದು ಮಡಚಿದರೆ ಡೆಕ್ಕಿಗೆ ಎಲ್ಲಿಂದ ಓದಬೇಕೆಂದೇ ತಿಳಿಯುವುದಿಲ್ಲ. ನಾಲ್ಕನೆಯ ದಿನ ಮುಂಗಾರು ಪೂರ್ವದ ಅಡ್ಡಮಳೆ ಬಂತು. ವರದಿಯಲ್ಲಿ ಇದು ‘ನೈಸರ್ಗಿಕ ಒಣಗಿಸುವಿಕೆ ಮತ್ತು ನೈಸರ್ಗಿಕ ತೊಳೆಯುವಿಕೆ’ ಎಂದಾಗಿದೆ.

ಬೀರುವಿನ ತಳದಲ್ಲಿ 16 ಎಂಎಂ ಫಿಲ್ಮಿನ ಡಬ್ಬಿಗಳೂ ಸಿಕ್ಕವು. ಮುಚ್ಚಳ ತೆಗೆದೊಡನೆ ಕೋಣೆಯ ತುಂಬ ಸಿರ್ಕಾ ವಾಸನೆ. ಯಾರೋ ಕ್ಯಾಂಟೀನಿನ ಉಳ್ಳಾಗಡ್ಡಿಯ ಮೇಲೆ ಸಂಶಯಪಟ್ಟರು. ಅಸಿಟೇಟ್ ಫಿಲ್ಮ್ ಸೆಖೆಗೂ ತೇವಕ್ಕೂ ಒಡೆದಾಗ ಬಿಡುವ ಆಮ್ಲದ ವಾಸನೆ ಅದು. ಬಿಟ್ಟ ಆಮ್ಲವೇ ಇನ್ನಷ್ಟು ಒಡೆಯುವಂತೆ ಮಾಡುತ್ತದೆ, ಪಕ್ಕದ ಡಬ್ಬಿಗೂ ಹಬ್ಬಿಸುತ್ತದೆ. ಡಬ್ಬಿಯೊಳಗೆ ಒಂದು ದಿನ ಪರೀಕ್ಷೆಯ ಕಾಗದದ ಪಟ್ಟಿ ಇಟ್ಟರೆ ಅದು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿ ರೋಗ ಎಷ್ಟಿದೆ ಎಂದು ಹೇಳುತ್ತದೆ. ಫಿಲ್ಮ್ ಶೇಕಡಾ 1ರಷ್ಟು ಕುಗ್ಗಿದ್ದರೂ ಹಳೆಯ ಪ್ರೊಜೆಕ್ಟರಿನ ಉಗುರು ಫಿಲ್ಮಿನ ಅಂಚಿನ ತೂತುಗಳನ್ನು ಸೀಳತೊಡಗುತ್ತದೆ. ಹಲ್ಲಿಲ್ಲದ, ಬರೀ ರೋಲರ್ ಮೇಲೆ ಓಡುವ ಸ್ಕ್ಯಾನರಿಗೇ ಕೊಡಬೇಕು. ಗುತ್ತಿಗೆದಾರನ ಹುಡುಗರು ಪ್ರೊಜೆಕ್ಟರಿಗೆ ಏರಿಸಿ, ಗೋಡೆಯ ಮೇಲೆ ಬಿಟ್ಟು, ಮೊಬೈಲಿನಲ್ಲಿ ಹಿಡಿದರು. 400 ಅಡಿಯ ಸುರುಳಿ ಹನ್ನೊಂದು ನಿಮಿಷವೂ ಓಡಲಿಲ್ಲ. ಚೂರುಗಳನ್ನು ಲೆಕ್ಕ ಹಾಕಿ ‘ಕ್ಲಿಪ್ 1ರಿಂದ 38’ ಎಂದು ಬರೆದುಕೊಂಡರು, ಒಂದು ರೀಲು 38 ಆಯಿತೆಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ಮೆಚ್ಚುಗೆಯೂ ಸಿಕ್ಕಿತು.

ಈ ನಡುವೆ ಗಡಿ ತಂಟೆ. ಟೇಪಿನ ಮೇಲೆಲ್ಲ ‘ಗುಲ್ಬರ್ಗಾ’ ಎಂದಿತ್ತು. 2014ರ ನವೆಂಬರ್ 1ರಿಂದ ಊರು ಕಲಬುರಗಿ. ಆದ್ದರಿಂದ ಹಳೆಯ ಚೀಟಿ ಕಿತ್ತು ಹೊಸ ಚೀಟಿ ಅಂಟಿಸಿದರು. ಕಿತ್ತ ಚೀಟಿಯಲ್ಲಿ ದಿನಾಂಕ, ಊರು, ಕ್ಯಾಮೆರಾದವರ ಗುರುತು ಇದ್ದವು, ಹೊಸದರಲ್ಲಿ ಲಾಂಛನವಿತ್ತು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ್ದರಿಂದ ತಮ್ಮ ತಾಲೂಕುಗಳ ದೃಶ್ಯ ತಮಗೇ ಸೇರಬೇಕೆಂದು ಅಲ್ಲಿನವರು ಅರ್ಜಿ ಹಾಕಿದರು, ನ್ಯಾಯವೇ. ಪ್ರತಿ ಮಾಡಿ ಕೊಡಬಹುದಿತ್ತು. ಮೂಲವೇ ಬೇಕೆಂದಾಗ ಕತ್ತರಿ ಬಂತು. ವಿಡಿಯೋ ಟೇಪಿನಲ್ಲಿ ಚಿತ್ರ ಓರೆ ಗೆರೆಗಳಾಗಿ ಬರೆದಿರುತ್ತದೆ; ಕತ್ತರಿಸಿದ ಅಂಚು ಓಡುವ ಡ್ರಮ್ಮಿಗೆ ತಾಗಿದರೆ ಹೆಡ್ಡೂ ಹೋಗುತ್ತದೆ. ಶಹಾಪುರದ ಜಾತ್ರೆಯ ಅರ್ಧ ಯಾದಗಿರಿಗೆ, ಅರ್ಧ ಕಲಬುರಗಿಗೆ ಸಂದಿತು. ಬೀದರಿನವರು ಮಾತ್ರ ಜಾಣರು, ಟೇಪು ಕೇಳಲಿಲ್ಲ. ಸಮಾರಂಭಕ್ಕೆ ಬಿದ್ರಿ ನೆನಪಿನ ಕಾಣಿಕೆಗಳ ಆರ್ಡರ್ ಪಡೆದರು.

ಉಳಿದದ್ದನ್ನು ಎಲ್ಲಿಡುವುದು? ಮೂಲಕ್ಕೆ ನಿಷ್ಠವಾಗಿ, ಕುಗ್ಗಿಸದೆ ಹಿಡಿದರೆ ಗಂಟೆಗೆ ಸುಮಾರು 100 ಜಿಬಿ. ಏನನ್ನೂ ಕಳೆಯದೆ ಮಡಚಿಡುವ ಎಫ್‌ಎಫ್‌ವಿ1 ಬಳಸಿದರೆ ಅದರ ಅರ್ಧ. 1,000 ಗಂಟೆಗೆ 50 ಟಿಬಿ, ಎರಡು ಪ್ರತಿ ಬೇರೆ ಬೇರೆ ಊರಲ್ಲಿಟ್ಟರೆ 100. ಕಂಪ್ಯೂಟರಿನ ಫೈಲು ಕೂಡಿಡುವ ಎಲ್‌ಟಿಒ-9 ಟೇಪು ಒಂದಕ್ಕೆ 18 ಟಿಬಿ ಹಿಡಿಯುತ್ತದೆ. ಆರು ಟೇಪಿನಲ್ಲಿ ಎಲ್ಲ ಮುಗಿಯುತ್ತಿತ್ತು. ಹಳೆಯ ಟೇಪು ಉಳಿಸಲು ಮತ್ತೆ ಟೇಪೇ ಎಂದರೆ ಸಮಿತಿಗೆ ಅವಮಾನವಾಯಿತು. 2 ಟಿಬಿಯ ಒಂದು ಹಾರ್ಡ್ ಡಿಸ್ಕ್ ಖರೀದಿಯಾಯಿತು. ಗಂಟೆಗೆ 2 ಜಿಬಿ, ಅದರಲ್ಲೇ 4ಕೆ. ಹತ್ತೊಂಬತ್ತು ಸುಳ್ಳು ಪಿಕ್ಸೆಲ್‌ಗಳನ್ನು ಹಿಸುಕಿ ತುಂಬಲು ಇದ್ದ ಒಂದು ನಿಜದ ಪಿಕ್ಸೆಲ್ಲೂ ಜಾಗ ಬಿಟ್ಟುಕೊಟ್ಟಿತು. ಫೈಲು ಕೆಟ್ಟಿದೆಯೇ ಎಂದು ಮುಂದೆ ತಿಳಿಯಲು ಇರುವ ಚೆಕ್‌ಸಮ್ ಬಗ್ಗೆ ಒಬ್ಬರು ಕೇಳಿದರು. ಚೆಕ್ ಕೊಡುವುದು ಲೆಕ್ಕಶಾಖೆಯ ಕೆಲಸ ಎಂಬ ಉತ್ತರ ಬಂತು.

ಒಂಬತ್ತನೆಯ ಷರತ್ತು ಮಾತ್ರ ಚಾಚೂ ತಪ್ಪದೆ, ಅವಧಿಗೆ ಮುಂಚೆಯೇ ಜಾರಿಯಾಯಿತು. ಮೂಲ ಟೇಪುಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಯವನು ತೂಗಿಕೊಂಡು ಹೋದ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ, ಬಿಬಿಸಿಯಂಥ ಬಿಬಿಸಿಯೇ ಟೇಪು ದುಬಾರಿಯೆಂದು ಅಳಿಸಿ ಮರುಬಳಕೆ ಮಾಡಿ ಈಗ ಹುಡುಕುತ್ತಿದೆ. ಅವರೆಲ್ಲ ಡಿಜಿಟಲ್ ಇಲ್ಲದ ಕಾಲದಲ್ಲಿ ಕಳೆದುಕೊಂಡವರು. ನಾವು ಡಿಜಿಟಲ್ ಮಾಡಿ, ಫೋಟೊ ತೆಗೆಸಿಕೊಂಡು, ರಸೀದಿ ಪಡೆದು ಕಳೆದುಕೊಂಡೆವು.

ಸಮಾರಂಭದ ದಿನ ಎಲ್‌ಇಡಿ ಗೋಡೆಯ ಮೇಲೆ ಒಬ್ಬ ಅಜ್ಜಿ ಬೀಸುಕಲ್ಲು ತಿರುವುತ್ತ ಹಾಡುವ ದೃಶ್ಯ ಬಂತು. ತುಟಿ ಅಲ್ಲಾಡುತ್ತಿತ್ತು, ಹಾಡಿರಲಿಲ್ಲ. ನಿರೂಪಕನ ಮಾತಷ್ಟೇ ಕೇಳುತ್ತಿತ್ತು. ಇಂಥ ಟೇಪುಗಳಲ್ಲಿ ಎರಡು ಧ್ವನಿಸಾಲು ಇರುತ್ತವೆ, ನಿರೂಪಣೆ ಒಂದರಲ್ಲಿ, ಸ್ಥಳದ ಸದ್ದು ಇನ್ನೊಂದರಲ್ಲಿ. ಹುಡುಗರು ಒಂದೇ ಕೇಬಲ್ ಚುಚ್ಚಿದ್ದರು. ಎರಡನೆಯದನ್ನು ತರಲು ಟೇಪು ಬೇಕು, ಟೇಪು ಗುಜರಿಯವನ ಹತ್ತಿರವೂ ಈಗಿಲ್ಲ.

ಸಮಿತಿ ಅಲ್ಲೇ ನಿಂತು ತುರ್ತು ನಿರ್ಣಯ ಕೈಗೊಂಡಿತು: ಎಐ ಧ್ವನಿಯಿಂದ ಅಜ್ಜಿಗೆ ಮರಳಿ ಹಾಡಿಸುವುದು. ಮಾದರಿ ಬಂದಿದೆ. ಅಜ್ಜಿ ಬಲು ಸ್ವಚ್ಛವಾಗಿ, ಬೆಂಗಳೂರಿನ ಎಫ್‌ಎಂ ಕನ್ನಡದಲ್ಲಿ ಬೀಸುವ ಪದ ಹಾಡುತ್ತಾಳೆ, ಕೊನೆಗೆ ‘ಸಖತ್ತಾಗಿದೆ ಅಲ್ವಾ?’ ಎಂದೂ ಕೇಳುತ್ತಾಳೆ. ಅದನ್ನು ‘ಭಾರೀ ಅದ ನೋಡ್ರಿ’ ಎಂದು ತಿದ್ದಿಸಲು ಉಪಸಮಿತಿ ರಚನೆಯಾಗಿದ್ದು, ಸದಸ್ಯರ ಪ್ರಯಾಣಭತ್ಯೆಯ ಕಡತ ಹಣಕಾಸು ವಿಭಾಗದಲ್ಲಿದೆ.