ಅಮ್ಮನ ಬೈಂಡುಗಳನ್ನು ತಕ್ಕಡಿಗೆ ಹಾಕುವ ಮುಂಚೆ

ಇವತ್ತು ಬೆಳಗ್ಗೆ ಹಳೇ ಪೇಪರ್ ಅಂಗಡಿಯ ತಕ್ಕಡಿ ಮೇಲೆ ಹನ್ನೊಂದು ಬೈಂಡು ಕೂತಿದ್ದವು. ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಬಿಡಿಸಿ, ಕಂತಿನ ಪ್ರಕಾರ ಜೋಡಿಸಿ, ಹೊಲಿಸಿ, ರಟ್ಟು ಹಾಕಿಸಿದ್ದು. ಒಳಗೆ ದುಂಡಗಿನ ಅಕ್ಷರದಲ್ಲಿ ಒಬ್ಬ ಹೆಣ್ಣುಮಗಳ ಹೆಸರು. ಅದೇ ಚೀಲದಲ್ಲಿ ಹಂಚಿ ಮಿಕ್ಕ ವೈಕುಂಠ ಸಮಾರಾಧನೆಯ ಕಾರ್ಡುಗಳು. ಅಂದರೆ ಆ ತಾಯಿ ಹೋಗಿ ತಿಂಗಳೂ ಆಗಿರಲಿಕ್ಕಿಲ್ಲ. ತುಂಬಾ ಸಿಟ್ಟು ಬಂತು, ಸಂಕಟವೂ ಆಯ್ತು.

'ಸುಧಾ' ಶುರುವಾದ 1965ರಲ್ಲಿ ಮೂವತ್ತು ವರ್ಷವಾಗಿದ್ದ ಹೆಂಗಸಿಗೆ ಈಗ ತೊಂಬತ್ತರ ಆಸುಪಾಸು. ಅಷ್ಟು ದೀರ್ಘ ಬಾಳಿನಲ್ಲಿ ಆಕೆ ತನಗೆಂದೇ ಆರಿಸಿ ಇಟ್ಟುಕೊಂಡದ್ದು ಎಷ್ಟು? ಮನೆಯ ಪಾತ್ರೆಗಳ ಮೇಲೆ ಕೂಡ ಉಡುಗೊರೆ ಕೊಟ್ಟವರ ಹೆಸರಿರುತ್ತೆ. ಬೈಂಡಿನ ಮೇಲಿರುವುದು ಆಕೆಯ ಹೆಸರು.

ಕಾದಂಬರಿ ಆಮೇಲೆ ಪುಸ್ತಕವಾಗಿ ಬಂದಿದೆಯಲ್ಲ, ಹಳೇ ಹಾಳೆ ಯಾಕೆ ಅಂತೀರಿ. ಪುಸ್ತಕದಲ್ಲಿ ಧಾರಾವಾಹಿಯ ಚಿತ್ರಗಳಿರಲ್ಲ. ಹಾಳೆಯ ಹಿಂಬದಿಯ ಅಡುಗೆ, ಓದುಗರ ಪತ್ರ, ಹೊಲಿಗೆ ಯಂತ್ರದ ಜಾಹೀರಾತು ಇರಲ್ಲ. ಒಂದು ವಾರದ ಸಂಚಿಕೆ ತಪ್ಪಿಹೋದಾಗ ಅಲ್ಲಿ ಖಾಲಿ ಹಾಳೆ ಸೇರಿಸಿ, ಪಕ್ಕದ ಮನೆಯವರಿಂದ ಕೇಳಿದ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದಿಟ್ಟದ್ದು ಯಾವ ಮರುಮುದ್ರಣದಲ್ಲಿ ಸಿಗುತ್ತೆ?

ಆದ್ದರಿಂದ ದಯವಿಟ್ಟು, ಹದಿಮೂರು ದಿನ ಕಳೆಯುವ ತನಕ ಅಮ್ಮನ ಪುಸ್ತಕದ ಬೀರುವಿಗೆ ಕೈ ಹಾಕಬೇಡಿ. ಆಮೇಲೂ ಹಪ್ಪಳದ ಥರ ಬಿಸಿಲಿಗೆ ಹರಡಬೇಡಿ. ವಾರಪತ್ರಿಕೆಯದ್ದು ಮರದ ತಿರುಳಿನ ಅಗ್ಗದ ಕಾಗದ. ಅದರಲ್ಲೇ ಆಮ್ಲ ಹುಟ್ಟುತ್ತೆ, ಬಿಸಿಲು ತಾಗಿದರೆ ಇನ್ನೂ ಬೇಗ ಹಳದಿಯಾಗಿ ಮಡಿಚಿದಲ್ಲೇ ಮುರಿಯುತ್ತೆ. ನೆರಳು, ಗಾಳಿ ಸಾಕು. ಮೆತ್ತನೆಯ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಧೂಳು ತೆಗೆಯಿರಿ.

ಬೈಂಡ್ ಆಗದ ಬಿಡಿ ಸಂಚಿಕೆಗಳಲ್ಲಿ ಮೊದಲು ಕೆಡುವುದು ಪಿನ್ನು ಇರುವ ಜಾಗ. ತುಕ್ಕು ಕಾಗದವನ್ನೇ ತಿನ್ನುತ್ತೆ. ಪಿನ್ನನ್ನು ಎಳೆಯಬೇಡಿ, ಒಳಪುಟದಲ್ಲಿ ಮಡಚಿರುವ ಎರಡು ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಎತ್ತಿ, ಹೊರಬದಿಯಿಂದ ಬಿಡಿಸಿ. ಹರಿದಲ್ಲಿ ಸೆಲೋಟೇಪ್ ಬೇಡವೇ ಬೇಡ. ಕೆಲವೇ ವರ್ಷಕ್ಕೆ ಟೇಪು ಉದುರುತ್ತೆ, ಅದರ ಅಂಟು ಕಂದುಗಟ್ಟಿ ಅಕ್ಷರದ ಮೇಲೆ ಉಳಿಯುತ್ತೆ. ತೆಳು ಟಿಶ್ಯೂ ಕಾಗದ, ನೀರಾದ ಮೈದಾ ಅಂಟು ಸಾಕು. ಹಳೇ ಬೈಂಡರುಗಳು ಹುಳ ಬರದಿರಲಿ ಅಂತ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮನೆಯಲ್ಲಿ ಮಕ್ಕಳಿದ್ದರೆ ಬೇಡ.

ಹಾಳೆಯಲ್ಲಿ ದುಂಡಗಿನ ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳ ಇದೆ. ನುಸಿಗುಳಿಗೆಯ ವಾಸನೆಯಿಂದ ಒಳಗಿರುವ ಹುಳ ಸಾಯಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಇಡೀ ಒಂದು ದಿನ ಕವರು ಬಿಚ್ಚಬೇಡಿ. ಆತುರಪಟ್ಟರೆ ತೇವ ಹಾಳೆ ಮೇಲೇ ಕೂರುತ್ತೆ.

"ಫ್ಲ್ಯಾಟಲ್ಲಿ ಜಾಗ ಎಲ್ಲಿದೆ ಸಾರ್?" ಎಲ್ಲರದ್ದೂ ಇದೇ ಮಾತು. ಲೆಕ್ಕ ಹಾಕಿ. ಒಂದು ಪುಸ್ತಕ 2 ಸೆಂ.ಮೀ. ದಪ್ಪ ಅಂದರೆ 200 ಪುಸ್ತಕಕ್ಕೆ 4 ಮೀಟರ್, ಅಂದರೆ ಸುಮಾರು 13 ಅಡಿ. ಮೂರಡಿ ಅಗಲದ, ಐದು ಅರೆಯ ಒಂದು ಬೀರುವಿನಲ್ಲಿ ಇಷ್ಟೂ ಹಿಡಿಯುತ್ತೆ. ಜಾಗದ ಮಾತು ನನಗೆ ಒಪ್ಪಿಗೆಯಿಲ್ಲ.

ಲೈಬ್ರರಿಗೇ ಕೊಡುತ್ತೀರಾದರೆ ಮೂಟೆ ಕಟ್ಟಿ ಬಾಗಿಲಲ್ಲಿ ಇಳಿಸಬೇಡಿ. ಹೆಸರು, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ, ಎಷ್ಟು ಹಾಳಾಗಿದೆ ಅನ್ನುವ ಪಟ್ಟಿ ಮೊದಲು ಕಳಿಸಿ, ಅವರು ಬೇಕಾದ್ದನ್ನು ಹೇಳಲಿ. ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕುವವರು ಹಕ್ಕು ನೋಡಿಕೊಳ್ಳಿ. ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಅದು ವಾರಸುದಾರರದ್ದು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರ ಬರಹ 2024ರಿಂದ ಎಲ್ಲರದ್ದು. ಚಿತ್ರ ಬರೆದ ಕಲಾವಿದರ ಹಕ್ಕು ಬೇರೆ.

ಇನ್ನೊಂದು. ಪ್ರತಿ ಪುಸ್ತಕದ ಮೊದಲ ಪುಟ ತೆಗೆದು ನೋಡಿ. ಅಮ್ಮನ ಹೆಸರಿನ ಬದಲು ಇನ್ನೊಬ್ಬರ ಹೆಸರಿದ್ದರೆ ಅದು ಓದಲು ತಂದದ್ದು. ಆ ಮನೆಗೊಂದು ಫೋನ್ ಮಾಡಿ. ಪುಸ್ತಕ ಕೊಟ್ಟ ಗೆಳತಿ ಇನ್ನೂ ಇರಬಹುದು. ಅವರಿಗೂ ಎಂಬತ್ತೈದು ದಾಟಿರುತ್ತೆ. ಅಂಚೆಯಲ್ಲಿ ಕಳಿಸಬೇಡಿ, ನೀವೇ ಹೋಗಿ ಕೊಡಿ.