ಉದ್ಯೋಗಕ್ಕೆ ಗರಿಷ್ಠ ಲೆಕ್ಕ, ಬೂದಿಗೆ ಸರಾಸರಿ ಲೆಕ್ಕ

ಹೊಸ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಬರುವ ಕಡೆಯೆಲ್ಲ ಅಹವಾಲು ಸಭೆಯಲ್ಲಿ ಅದೇ ಸ್ಲೈಡು: ಸಾವಿರಾರು ಉದ್ಯೋಗ. ಎಷ್ಟು ತಿಂಗಳಿಗೆ ಅಂತ ಕೇಳಿದರೆ ಮೈಕು ಕೈ ಬದಲಾಗುತ್ತೆ.

1000 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಕಟ್ಟೋಕೆ ನಾಲ್ಕೈದು ವರ್ಷ ಬೇಕು. ಆ ಸಾವಿರಾರು ಜನ ಇರೋದು ನಡುವಿನ ಒಂದೂವರೆ, ಎರಡು ವರ್ಷ ಮಾತ್ರ. ಕಾಂಕ್ರೀಟು, ಚಿಮಣಿ, ಬಾಯ್ಲರ್ ಜೋಡಣೆ ಎಲ್ಲ ಒಟ್ಟಿಗೆ ನಡೆಯುವಾಗ. ಸ್ಥಾವರ ಓಡಲು ಶುರುವಾದ ಮೇಲೆ ಕಾಯಂ ಆಗಿ ಉಳಿಯೋರು ಕೆಲವೇ ನೂರು. ಆ ಜಾತ್ರೆಯಲ್ಲೂ ಒಳ್ಳೆ ಕೂಲಿ ಯಾರಿಗೆ? ಅಧಿಕ ಒತ್ತಡದ ಪೈಪಿನ ವೆಲ್ಡರ್‌ಗಳಿಗೆ. ಅವರು 6ಜಿ ಪರೀಕ್ಷೆ ಪಾಸಾಗಿರಬೇಕು: ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಪೈಪು ತಿರುಗಿಸದೆ ಸುತ್ತಲೂ ಬೆಸೆಯಬೇಕು, ಆಮೇಲೆ ಎಕ್ಸ್‌ರೇಯಲ್ಲಿ ಒಳಗೆ ಒಂದು ಗುಳ್ಳೆ ಕಂಡರೂ ಫೇಲಾಗಬಹುದು. ಇದು ಒಂದು ತಿಂಗಳ ಶಿಬಿರದಲ್ಲಿ ಬರುವ ವಿದ್ಯೆಯಲ್ಲ. ಅಡಿಪಾಯಕ್ಕೆ ಎರಡು ವರ್ಷ ಮುಂಚೆಯೇ ತರಬೇತಿ ಶುರುವಾಗಬೇಕಿತ್ತು. ಶುರುವಾಗೋದು ಉದ್ಘಾಟನೆಯ ಟೇಪು ಕತ್ತರಿಸಿದ ಮೇಲೆ. ಹಾಗಾಗಿ ಸುತ್ತಲಿನವರಿಗೆ ಸಿಗೋದು ಹೆಲ್ಪರ್, ಗೇಟು ಕಾಯೋದು, ಹುಲ್ಲು ಕೊಯ್ಯೋದು. ಅದೂ ಗುತ್ತಿಗೆದಾರನ ಕೈಕೆಳಗೆ. ಗುತ್ತಿಗೆದಾರ ಬದಲಾದರೆ ಸೇವಾವಧಿ ಮತ್ತೆ ಸೊನ್ನೆಯಿಂದ.

ಜನ ಬಂದರು, ಬಾಡಿಗೆ ಏರಿತು ಅಂತ ಊರವರು ಸಾಲ ಮಾಡಿ ಸಾಲುಗಟ್ಟಿ ರೂಮು ಕಟ್ಟಿಸುತ್ತಾರೆ. ರೂಮು ಮುಗಿಯೋ ಹೊತ್ತಿಗೆ ಕೆಲಸಗಾರರು ಮುಂದಿನ ಸೈಟಿಗೆ ಹೊರಟಿರುತ್ತಾರೆ. ಸಾಲದ ಕಂತು ಹೊರಡಲ್ಲ. ಜನ ಯಾವ ತಿಂಗಳು ಎಷ್ಟು ಬರುತ್ತಾರೆ, ಎಷ್ಟು ಹೋಗುತ್ತಾರೆ ಅನ್ನೋ ಪಟ್ಟಿ ಕಂಪನಿಯ ಬಳಿ ಮೊದಲ ದಿನದಿಂದಲೇ ಇರುತ್ತೆ, ಅದಿಲ್ಲದೆ ಕೆಲಸದ ವೇಳಾಪಟ್ಟಿಯನ್ನೇ ಮಾಡಲಾಗದು. ಅದನ್ನು ಪಂಚಾಯಿತಿ ಗೋಡೆಗೆ ಅಂಟಿಸೋಕೆ ಏನು ದಾಡಿ? ಜಮೀನಿನ ಪರಿಹಾರದ ಕಥೆಯೂ ಇಷ್ಟೇ. ಪತ್ರದಲ್ಲಿ ಹೆಸರಿದ್ದವನಿಗೆ ದುಡ್ಡು. ಅದೇ ಹೊಲವನ್ನು ಗೇಣಿಗೆ ಮಾಡುತ್ತಿದ್ದವನು, ಅಲ್ಲಿ ಕುರಿ ಮೇಯಿಸುತ್ತಿದ್ದವನು, ಕಳೆ ಕೀಳಲು ಬರುತ್ತಿದ್ದ ಹೆಂಗಸರು ಎಷ್ಟೋ ಕಡೆ ಯಾವ ಪಟ್ಟಿಯಲ್ಲೂ ಇರಲ್ಲ.

ಲಾಭದ ಲೆಕ್ಕ ಇದು. ಈಗ ಹಾನಿಯ ಲೆಕ್ಕಕ್ಕೆ ಬನ್ನಿ, ಗರಿಷ್ಠ ಹೋಗಿ ಸರಾಸರಿ ಬಂದುಬಿಡುತ್ತೆ. ಕೂಲಿಂಗ್ ಟವರ್ ಇರುವ 1000 ಮೆಗಾವ್ಯಾಟ್ ಸ್ಥಾವರಕ್ಕೆ ದಿನಕ್ಕೆ ಸುಮಾರು 7 ಕೋಟಿ ಲೀಟರ್ ನೀರು ಬೇಕು, ಬಹುಪಾಲು ಆವಿಯಾಗಿ ಹೋಗುತ್ತೆ. ತಲೆಗೆ 100 ಲೀಟರಿನಂತೆ ಏಳು ಲಕ್ಷ ಜನರ ನೀರು. ಸ್ಥಾವರದ ಪರಿಸರ ಪರಿಣಾಮ ವರದಿಯಲ್ಲಿ ಇದನ್ನು ನದಿಯ ವರ್ಷದ ಸರಾಸರಿ ಹರಿವಿನಿಂದ ಭಾಗಿಸಿ "ಅತ್ಯಲ್ಪ" ಅಂತ ಬರೆಯುತ್ತಾರೆ. ಬೇಸಿಗೆಯಲ್ಲಿ ನದಿಯ ಎದುರು ನಿಂತು ಭಾಗಿಸಿ ನೋಡಿ ಸ್ವಾಮಿ.

ಬೂದಿಯದ್ದಂತೂ ಕೇಳಲೇಬೇಡಿ. ಪೂರ್ತಿ ಓಡಿದ ದಿನ 2.4 ಕೋಟಿ ಯೂನಿಟ್ ಉತ್ಪಾದನೆ. ಕಳಪೆ ಕಲ್ಲಿದ್ದಲಾದರೆ ಯೂನಿಟ್ಟಿಗೆ 700 ಗ್ರಾಂ, ಅಂದರೆ ಹತ್ತಿರಹತ್ತಿರ 17 ಸಾವಿರ ಟನ್. ನೂರಕ್ಕೆ 35 ಬೂದಿಯಾದರೆ ದಿನಕ್ಕೆ 5,900 ಟನ್. ಅದನ್ನೆಲ್ಲ 25 ಟನ್ನಿನ ಲಾರಿಗಳಲ್ಲಿ ಸಾಗಿಸಿದರೆ 235 ಲಾರಿ. ಹೋಗೋದು, ಖಾಲಿ ಬರೋದು ಸೇರಿಸಿ ಹಗಲೂ ರಾತ್ರಿ ಮೂರು ನಿಮಿಷಕ್ಕೊಂದು. ಅರ್ಧ ಬೂದಿ ಹೊಂಡಕ್ಕೆ ಹೋಯಿತು ಅಂದುಕೊಂಡರೂ ಆರು ನಿಮಿಷಕ್ಕೊಂದು ಲಾರಿ ಶಾಲೆಯ ಮುಂದೆ ಹಾಯುತ್ತೆ. ವರದಿಯಲ್ಲಿ ಆ ರಸ್ತೆಗೆ "ಸಂಪರ್ಕ ಸುಧಾರಣೆ" ಅಂತ ಹೆಸರು.

ಎಲ್ಲರೂ ಬೆರಳು ತೋರಿಸೋದು ಚಿಮಣಿಗೆ. ಚಿಮಣಿ ತಪ್ಪಿಲ್ಲದ್ದು ಅಂತಲ್ಲ. ತಣ್ಣಗಾದ ಬಾಯ್ಲರನ್ನು ಎಣ್ಣೆ ಉರಿಸಿ ಹೊತ್ತಿಸುವಾಗ, ಎಣ್ಣೆ ಮಸಿ ಅಂಟಿ ಬೆಂಕಿ ಹತ್ತೀತು ಅಂತ ಇಎಸ್‌ಪಿಯ (ಹೊಗೆಯಲ್ಲಿನ ಬೂದಿಯನ್ನು ವಿದ್ಯುತ್ತಿನಿಂದ ಸೆಳೆದು ಹಿಡಿಯುವ ಯಂತ್ರ) ವಿದ್ಯುತ್ತನ್ನು ಆಫ್ ಇಟ್ಟಿರುತ್ತಾರೆ. ಹಿಡಿದ ಬೂದಿ ಬೀಳುವ ಕೆಳಗಿನ ತೊಟ್ಟಿಯಿಂದ, ಅಂದರೆ ಹಾಪರ್‌ನಿಂದ, ಬೂದಿ ಇಳಿಸೋದು ತಡವಾದರೆ ಅದು ಎಲೆಕ್ಟ್ರೋಡ್ ತನಕ ಏರಿ, ಶಾರ್ಟ್ ಆಗಿ, ಯಂತ್ರದ ಆ ಭಾಗ ಟ್ರಿಪ್ ಆಗುತ್ತೆ. ಆ ಗಂಟೆಗಳ ಧೂಳು 24 ಗಂಟೆಯ ಸರಾಸರಿಯಲ್ಲಿ ಕರಗಿಹೋಗುತ್ತೆ. ಆದರೆ 200 ಮೀಟರ್ ಮೇಲೆ ಬಿಟ್ಟದ್ದು ಬಹುಪಾಲು ದೂರ ಹೋಗಿ ಇಳಿಯುತ್ತೆ. ಪಕ್ಕದ ಮನೆಯಂಗಳದ ಬಟ್ಟೆ ಮೇಲೆ ಕೂರೋ ಬೂದಿ ಹೆಚ್ಚಾಗಿ ನೆಲದ್ದು: ಟಾರ್ಪಾಲು ಕಟ್ಟದ ಲಾರಿಯದ್ದು, ಒಣಗಿದ ಹೊಂಡದ್ದು.

ಹೊಂಡಕ್ಕೆ ಬೂದಿ ನೀರಲ್ಲಿ ಕದಡಿ ಪೈಪಿನಲ್ಲಿ ಬರುತ್ತೆ. ದಪ್ಪ ಕಣ ಪೈಪಿನ ಬಾಯಲ್ಲೇ ಕೂರುತ್ತೆ, ನಯವಾದದ್ದು ಆಚೆ ತುದಿಗೆ ಹೋಗುತ್ತೆ. ಪೈಪನ್ನು ಇನ್ನೊಂದು ಮೂಲೆಗೆ ಬದಲಿಸಿದ ಮೇಲೆ ಈ ಕಡೆ ಒಣಗಿ ಮೇಲೆ ಹಪ್ಪಳದಂಥ ಪದರ ಕಟ್ಟುತ್ತೆ. ಒಂದು ದನ ಕಾಲಿಟ್ಟರೆ ಸಾಕು, ಪದರ ಒಡೆದು ಕೆಳಗಿನ ಹಿಟ್ಟು ಗಾಳಿಗೆ ಏಳುತ್ತೆ. ಅದನ್ನು ತಡೆಯೋದು ಮೇಲೆ ನಿಂತ ನೀರು ಅಥವಾ ಸ್ಪ್ರಿಂಕ್ಲರ್. ನೀರು ಕಮ್ಮಿ ಅಂದ ಕೂಡಲೇ ಮೊದಲು ನಿಲ್ಲೋದೂ ಅದೇ ಸ್ಪ್ರಿಂಕ್ಲರ್, ಸರಿಯಾಗಿ ಬಿರುಗಾಳಿಯ ತಿಂಗಳಲ್ಲಿ. ಜಾಗ ತುಂಬಿದರೆ ಹಳೇ ಬೂದಿಯ ಮೇಲೇ ಇನ್ನೊಂದು ಒಡ್ಡು ಏರಿಸುತ್ತಾರೆ. 2008ರ ಡಿಸೆಂಬರಿನಲ್ಲಿ ಅಮೆರಿಕದ ಟೆನೆಸ್ಸಿಯ ಕಿಂಗ್‌ಸ್ಟನ್‌ನಲ್ಲಿ ಇಂಥ ಒಡ್ಡು ಒಡೆದು 40 ಲಕ್ಷ ಘನ ಮೀಟರಿಗೂ ಹೆಚ್ಚು ಬೂದಿ ಕೆಸರು ನುಗ್ಗಿತ್ತು.

ಒಡ್ಡು ಒಡೆಯಲೇಬೇಕು ಅಂತಿಲ್ಲ, ಜಿನುಗಿದರೆ ಸಾಕು. ಬಾವಿಗೆ ಬೇಗ ಬಂದು ಮುಟ್ಟುವುದು ಬೋರಾನ್ ಮತ್ತು ಸಲ್ಫೇಟ್, ಇವು ಮಣ್ಣಿಗೆ ಅಷ್ಟಾಗಿ ಅಂಟದೆ ನೀರಿನ ಜತೆ ಹರಿಯುತ್ತವೆ. ಬೋರಾನ್ ಲೀಟರಿಗೆ ಒಂದು ಮಿಲಿಗ್ರಾಂ ದಾಟಿದರೆ ನಿಂಬೆ ಜಾತಿಯ ಗಿಡಗಳು ತಡೆಯಲ್ಲ. ಹಳೇ ಎಲೆಯ ಅಂಚು ಹಳದಿಯಾಗಿ, ಆಮೇಲೆ ಸುಟ್ಟಂತೆ ಕಂದಾಗುತ್ತೆ, ನಡುನರ ಹಸಿರಾಗೇ ಇರುತ್ತೆ. ಎಲೆ ಹಿಡಿದುಕೊಂಡು ಹೋದ ರೈತನಿಗೆ "ಗೊಬ್ಬರ ಜಾಸ್ತಿ ಹಾಕಿದ್ದೀಯ" ಅಂತ ಉಪದೇಶ. ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಎಷ್ಟೋ ಸಲ ಬೋರಾನ್ ನೋಡೋದೇ ಇಲ್ಲ.

ಸ್ಥಾವರ ಇನ್ನೂ ಬಂದಿಲ್ಲದ ಕಡೆಯವರು ದಯವಿಟ್ಟು ಇದೊಂದು ಮಾಡಿ. ಮೊದಲ ಗುದ್ದಲಿ ಬೀಳೋ ಮುಂಚೆ ಬಾವಿ, ಬೋರ್‌ವೆಲ್ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿ. ಬೋರಾನ್, ಸಲ್ಫೇಟ್, ಆರ್ಸೆನಿಕ್, ಸೆಲೆನಿಯಂ ಅಂತ ಹೆಸರು ಬರೆದೇ ಕೇಳಿ. ಬೋರಾನ್‌ಗೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿನಿಂದಲೇ ಬೋರಾನ್ ನೀರಿಗೆ ಬಿಟ್ಟುಕೊಳ್ಳುತ್ತೆ. ನೀರಿನ ಮಟ್ಟ, ತಾರೀಕು, ನಾಲ್ಕು ಜನರ ಸಹಿ ಇರಲಿ. ಇದಿಲ್ಲದಿದ್ದರೆ ಹತ್ತು ವರ್ಷದ ಮೇಲೆ "ನಿಮ್ಮ ನೀರು ಮೊದಲಿಂದಲೂ ಹೀಗೇ ಇತ್ತು" ಅಂತಾರೆ, ಇಲ್ಲ ಅನ್ನೋಕೆ ನಿಮ್ಮ ಕೈಲಿ ಒಂದು ಚೀಟಿಯೂ ಇರಲ್ಲ.

ಇಷ್ಟೆಲ್ಲ ನುಂಗಿಕೊಂಡವರ ಮನೆಯಲ್ಲಿ ಕರೆಂಟಾದರೂ ಇರಬೇಕಲ್ಲ? ಸ್ಥಾವರದ ಕರೆಂಟು 400 ಕೆವಿಗೆ ಏರಿ, ಊರಿನ ತಲೆಯ ಮೇಲೆ ಹಾದು ಹೋಗುತ್ತೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ 11 ಕೆವಿಗೆ ಇಳಿಸುವ ಸಬ್‌ಸ್ಟೇಷನ್ ಯಾರೂ ಕಟ್ಟಿರಲ್ಲ. ಊರಿನ ಲೈನು ಎಲ್ಲಿಂದಲೋ ಸುತ್ತಿ ಬರುವ ಹಳೇದೇ, ಮಳೆ ಹನಿ ಬಿದ್ದರೆ ಹೋಗುವಂಥದ್ದು.

25, 40 ವರ್ಷಕ್ಕೆ ಸ್ಥಾವರ ಮುಚ್ಚುತ್ತೆ, ಹೊಂಡ ಮುಚ್ಚಲ್ಲ. ಜಿನುಗುನೀರನ್ನು ವಾಪಸು ಎತ್ತಿ ಹಾಕೋ ಪಂಪನ್ನು ಆಮೇಲೆ ಯಾರು ಓಡಿಸುತ್ತಾರೆ ಅಂತ ವರದಿಯಲ್ಲಿ ಹುಡುಕಿದರೆ, ಕೊನೆಯ ಅಧ್ಯಾಯದಲ್ಲಿ "ಬೂದಿ ಹೊಂಡದ ಮೇಲೆ ಮಣ್ಣು ಹೊದಿಸಿ ಹಸಿರು ಬೆಳೆಸಲಾಗುವುದು" ಅನ್ನೋ ಒಂದು ಸಾಲು. ಎಷ್ಟು ಅಡಿ ಮಣ್ಣು, ಯಾರ ಹೊಲದಿಂದ ತೋಡಿ ತರ್ತೀರಿ ಅನ್ನೋದು ಬರೆದಿಲ್ಲ.